ಹಸಿರಾಗಿ ನಿಂತ ಒಂದೇ ಒಂದು ಸೀಬೆ ಗಿಡ

(ಸೀಬೆ ಬೆಳೆಗಾರರ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಮಾತು ಮುಗಿಸಬೇಕು ಅಂತ ಆಗಲೇ ಎರಡು ಸಲ ಹೇಳಿ ಹೋಗಿದ್ದಾರೆ. ಹಾಗಾಗಿ ಪೀಠಿಕೆ ಬೇಡ, ಒಂದು ತೋಟದಿಂದ ಶುರು ಮಾಡುತ್ತೇನೆ.

ಹೋದ ಬೇಸಿಗೆಯಲ್ಲಿ ಒಬ್ಬ ಹಿರಿಯರು ಫೋನ್ ಮಾಡಿದರು. ಎರಡು ಎಕರೆ ಸೀಬೆ, ಮೂರು ವರ್ಷದ ಗಿಡಗಳು. ಮೊದಲು ಎಲೆ ಕಂದು ತಿರುಗಿತಂತೆ. ಆಮೇಲೆ ಅಂಚು ಸುಟ್ಟ ಹಾಗಾಯಿತು, ಎಲೆ ಉದುರಿತು, ಕೊಂಬೆ ಒಣಗಿತು. ನೀರು ಜಾಸ್ತಿ ಕೊಟ್ಟರು. ಗೊಬ್ಬರ ಕೊಟ್ಟರು. ಅಂಗಡಿಯವರು ಹೇಳಿದರು ಅಂತ ಸತು, ಬೋರಾನು ಎಲ್ಲಾ ಹೊಡೆದರು. ಸಾಲಿಗೆ ಸಾಲೇ ಹೋಯಿತು.

"ಆದ್ರೆ ಸಾರ್, ಮೂಲೇಲಿ ಒಂದೇ ಒಂದು ಗಿಡ ಮಾತ್ರ ಹಂಗೇ ಹಸಿರಾಗಿ ನಿಂತಿದೆ. ಅದಕ್ಕೆ ಈ ರೋಗ ಬರಲ್ಲ ಅನ್ಸುತ್ತೆ. ಅದರಿಂದಲೇ ಗಿಡ ಮಾಡಿ ಇಡೀ ತೋಟಕ್ಕೆ ಹಾಕೋಣ ಅಂತಿದೀನಿ. ಬಂದು ನೋಡ್ತೀರಾ?"

ಹೋದೆ. ನಿಜವಾಗಿಯೂ ಚೆನ್ನಾಗಿತ್ತು ಗಿಡ. ಎಲೆ ದಪ್ಪ, ಚಿಗುರು ಹೊಸದು, ಅಲ್ಲೊಂದು ಇಲ್ಲೊಂದು ಕಾಯಿ ಕೂಡ. ಸುತ್ತ ಎಲ್ಲಾ ಒಣ ಕಡ್ಡಿ. ಅವರ ಮುಖದಲ್ಲಿ ಒಂಥರಾ ಹೆಮ್ಮೆ. ನಾನು "ಯಜಮಾನ್ರೇ, ಒಂದು ಗುದ್ದಲಿ, ಒಂದು ಬಕೆಟ್ ನೀರು ಕೊಡಿ" ಎಂದೆ. ಬುಡದಿಂದ ಒಂದು ಮೊಳ ದೂರದಲ್ಲಿ, ಡ್ರಿಪ್ ನೀರು ಬೀಳುವ ಜಾಗದಲ್ಲಿ ಗೇಣುದ್ದ ಅಗೆದೆ. ಸಣ್ಣ ಬೇರು ಸಿಕ್ಕಿತು. ಬಕೆಟ್ಟಿನಲ್ಲಿ ಅದ್ದಿ ಮಣ್ಣು ಬಿಡಿಸಿದೆ.

ಬೇರು ಬೇರಿನ ಹಾಗಿರಲಿಲ್ಲ. ಹಸಿ ಶುಂಠಿಯ ಬೆರಳುಗಳನ್ನು ದಾರದಲ್ಲಿ ಪೋಣಿಸಿದ ಹಾಗಿತ್ತು. ಗಂಟಿನ ಮೇಲೆ ಗಂಟು, ಒಂದಕ್ಕೊಂದು ಅಂಟಿಕೊಂಡು. ಒಂದು ಗಂಟನ್ನು ಉಗುರಿನಲ್ಲಿ ಸೀಳಿದೆ. ಒಳಗೆ ಸಣ್ಣ ಮುತ್ತಿನಂಥ ಬಿಳಿ ಚುಕ್ಕೆಗಳು. ಅವೇ ಹೆಣ್ಣು ಹುಳುಗಳು. ಹಿರಿಯರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಇದು ಯಾಕೆ ಸಾಯಲಿಲ್ಲ?" ಅಂದರು.

ಇವತ್ತಿನ ನನ್ನ ಮಾತೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಆ ಗಿಡದ ಮಟ್ಟಿಗೆ ಉತ್ತರ ಸುಲಭವಾಗಿತ್ತು. ಆ ಮೂಲೆಯಲ್ಲಿ ಮೊದಲು ತಿಪ್ಪೆ ಇತ್ತು. ವರ್ಷಗಟ್ಟಲೆ ಸಗಣಿ ಗೊಬ್ಬರ ಕೊಳೆತ ಮಣ್ಣು. ಹುಳು ಒಂದು ಬೇರು ತಿಂದರೆ ಗಿಡ ಎರಡು ಬೇರು ಬಿಡುತ್ತಿತ್ತು. ಗಿಡ ಹುಳುವನ್ನು ಗೆದ್ದಿರಲಿಲ್ಲ. ಹುಳುವಿಗೆ ಊಟ ಹಾಕಿಯೂ ತಾನು ಬದುಕುವಷ್ಟು ಅನುಕೂಲಸ್ಥ ಗಿಡ, ಅಷ್ಟೇ. ಅದರಿಂದ ಇಡೀ ತೋಟಕ್ಕೆ ಗಿಡ ಮಾಡಿದ್ದರೆ, ತಿಪ್ಪೆ ಇಲ್ಲದ ಜಾಗದಲ್ಲಿ ಅವೂ ಒಣಗುತ್ತಿದ್ದವು. ಮೂರು ವರ್ಷ ಮತ್ತೆ ಹಾಳು.

ಗಿಡ ಹಸಿರಾಗಿ ನಿಲ್ಲುವುದಕ್ಕೆ ಬೇರೆ ಬೇರೆ ಕಾರಣ ಇರುತ್ತವೆ. ಒಂದೊಂದು ಸಲ ಹುಳು ಅಲ್ಲಿಗೆ ಬಂದೇ ಇರುವುದಿಲ್ಲ. ಅದೃಷ್ಟದಿಂದ ತಪ್ಪಿಸಿಕೊಂಡ ಗಿಡ ಅದು. ಇನ್ನು ಕೆಲವು ಈ ತಿಪ್ಪೆ ಗಿಡದ ಹಾಗೆ, ಹುಳು ಇದ್ದರೂ ತಾಳಿಕೊಂಡಿರುತ್ತವೆ. ನಮಗೆ ಬೇಕಾದ್ದು ಇವೆರಡೂ ಅಲ್ಲ. ಹುಳು ಬೇರಿನ ಒಳಗೆ ಬಂದರೂ ಅದಕ್ಕೆ ಅಲ್ಲಿ ಸಂಸಾರ ಮಾಡಲು ಬಿಡದ ಗಿಡ ಬೇಕು. ನಿರೋಧಕ ಅನ್ನುವುದು ಅದಕ್ಕೆ ಮಾತ್ರ. ನೆಲದ ಮೇಲೆ ನಿಂತು ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ತಾಳಿಕೊಂಡ ಗಿಡವಂತೂ ಅಕ್ಕಪಕ್ಕದ ಗಿಡಗಳಿಗೆ ಹುಳು ಸರಬರಾಜು ಮಾಡುತ್ತಾ ಹಾಯಾಗಿ ನಿಂತಿರುತ್ತದೆ.

ಈಗ ಹುಳುವಿನ ವಿಷಯ. ಇದನ್ನು ನೀವು ಗಂಟು ರೋಗ ಅನ್ನುತ್ತೀರಿ, ನಾವು ಬೇರುಗಂಟು ಜಂತುಹುಳು ಅನ್ನುತ್ತೇವೆ, ಇಂಗ್ಲಿಷಿನಲ್ಲಿ ನೆಮಟೋಡ್. ಟೊಮ್ಯಾಟೊ, ಬದನೆ, ದಾಳಿಂಬೆ ಬೇರಿನಲ್ಲಿ ಗಂಟು ಎಲ್ಲರೂ ನೋಡಿದ್ದೀರಿ. ಸೀಬೆಯನ್ನು ಹೀಗೆ ಕೊಲ್ಲುವುದು ಅದೇ ಕುಲದ ಇನ್ನೊಂದು ಜಾತಿ. ಶಾಸ್ತ್ರದ ಹೆಸರು ಮೆಲಾಯ್ಡೊಗೈನೆ ಎಂಟರೊಲೋಬಿ. ಹೆಸರಲ್ಲಿ ಸೀಬೆ ಇಲ್ಲ, ಗಮನಿಸಿ. 1983ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ, ಕಿವಿಯಾಕಾರದ ಕಾಯಿ ಬಿಡುವ ಎಂಟರೊಲೋಬಿಯಂ ಅನ್ನುವ ಮರದ ಬೇರಿನಲ್ಲಿ ಇದನ್ನು ಮೊದಲು ಗುರುತಿಸಿದರು. 1988ರಲ್ಲಿ ಪೋರ್ಟೊರಿಕೊದ ಮಯಾಗ್ವೆಜ್ ಊರಿನ ಬದನೆ ಬೇರಿನಲ್ಲಿ ಸಿಕ್ಕ ಹುಳುವಿಗೆ ಇನ್ನೊಂದು ಹೆಸರಿಟ್ಟರು. ಎರಡೂ ಒಂದೇ ಅಂತ ಗೊತ್ತಾಗಿದ್ದು ಆಮೇಲೆ. ಅಮೆರಿಕದಲ್ಲಿ ಇದನ್ನು ಸೀಬೆ ಬೇರುಗಂಟು ಹುಳು ಅಂತಲೇ ಕರೆಯುತ್ತಾರೆ. ಆದರೆ ಅಲ್ಲಿ ಇದರ ಹೆಸರು ಕೇಳಿ ಬೆಚ್ಚುವವರು ಗೆಣಸು ಬೆಳೆಯುವವರು!

ಮೊಟ್ಟೆಯಿಂದ ಹೊರಗೆ ಬರುವ ಮರಿ ಸುಮಾರು 0.4 ಮಿಲಿಮೀಟರ್ ಉದ್ದ. ಕಣ್ಣಿಗೆ ಕಾಣುವುದಿಲ್ಲ. ಮಣ್ಣಿನ ಕಣಗಳ ನಡುವಿನ ನೀರಿನ ಪದರದಲ್ಲಿ ಈಜಿಕೊಂಡು ಬೇರಿನ ತುದಿಗೆ ಬರುತ್ತದೆ. ಒಳಗೆ ಹೊಕ್ಕು ಒಂದು ಕಡೆ ಕೂರುತ್ತದೆ. ತನ್ನ ಬಾಯಿಯ ಸೂಜಿಯಿಂದ ಸುತ್ತಲಿನ ಬೇರಿನ ನಾಲ್ಕಾರು ಜೀವಕೋಶಗಳಿಗೆ ಏನೋ ರಸ ಚುಚ್ಚುತ್ತದೆ. ಆ ಕೋಶಗಳು ಊದಿಕೊಂಡು, ಗಿಡದ ಊಟವನ್ನೆಲ್ಲ ತಂದು ಅದರ ಬಾಯಿಗೆ ಇಡುವ ಅಡುಗೆಮನೆಗಳಾಗುತ್ತವೆ. ಇನ್ನು ಅದು ಅಲ್ಲಿಂದ ಏಳುವ ಮಾತೇ ಇಲ್ಲ. ತಿಂದು ತಿಂದು ಪುಟಾಣಿ ಕುಡಿಕೆಯ ಆಕಾರಕ್ಕೆ ಊದಿಕೊಳ್ಳುತ್ತದೆ, ಒಂದು ಲೋಳೆಯ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ನಮ್ಮ ಹವೆಯಲ್ಲಿ ಇದಕ್ಕೆಲ್ಲ ನಾಲ್ಕೈದು ವಾರ ಸಾಕು. ಗಂಡು ಹುಳುವೂ ಬೇಕಿಲ್ಲ. ಹೆಣ್ಣು ಒಂಟಿಯಾಗಿಯೇ ಮರಿ ಮಾಡುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ಹುಳು, 400 ಮೊಟ್ಟೆ. ಹತ್ತರಲ್ಲಿ ಒಂದೇ ಬದುಕಿತು ಅಂತಿಟ್ಟುಕೊಳ್ಳಿ. ಮೊದಲ ಸುತ್ತಿಗೆ 40. ಎರಡನೇ ಸುತ್ತಿಗೆ 1,600. ಮೂರನೇ ಸುತ್ತಿಗೆ 64,000. ಸೀಬೆ ವರ್ಷಪೂರ್ತಿ ನೆಲದಲ್ಲಿ ನಿಲ್ಲುವ ಗಿಡ. ಡ್ರಿಪ್ ಇರುವುದರಿಂದ ಮಣ್ಣು ಯಾವಾಗಲೂ ಹದವಾಗಿ ಒದ್ದೆ. ಹುಳುವಿಗೆ ಇನ್ನೇನು ಬೇಕು?

ಆದರೆ ಹುಳು ಒಂದೇ ಬಂದರೆ ಗಿಡ ಇಷ್ಟು ಬೇಗ ಸಾಯುವುದಿಲ್ಲ. ಇದನ್ನು ಗಟ್ಟಿಯಾಗಿ ತೋರಿಸಿದವರು ಬ್ರೆಜಿಲ್‌ನವರು. ರಿಯೊ ಡಿ ಜನೈರೊ ರಾಜ್ಯದ ಕಾಂಪೊಸ್ ಊರಿನ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಕೆಲಸ ಅದು. ಫ್ಯುಸೇರಿಯಂ ಸೊಲಾನಿ ಅನ್ನುವ ಶಿಲೀಂಧ್ರವನ್ನು ಮಾತ್ರ ಕೊಟ್ಟಾಗ ಸೀಬೆ ಬೇರಿಗೆ ಏನೂ ಆಗಲಿಲ್ಲ. ಮೊದಲು ಹುಳು ಹೊಕ್ಕ ಬೇರಿಗೆ ಅದೇ ಶಿಲೀಂಧ್ರ ಬಂದಾಗ ಬೇರು ಕೊಳೆತುಹೋಯಿತು. ಹುಳು ಬಾಗಿಲು ತೆಗೆದುಕೊಡುತ್ತದೆ, ಶಿಲೀಂಧ್ರ ಮನೆ ಲೂಟಿ ಮಾಡುತ್ತದೆ. ನಮ್ಮಲ್ಲಿ ಎಷ್ಟೋ ಜನ "ಸೊರಗು ರೋಗ" ಅಂತ ಬುಡಕ್ಕೆ ಶಿಲೀಂಧ್ರನಾಶಕ ಸುರಿದು ಕೂರುತ್ತಾರಲ್ಲ, ಅವರು ಒಮ್ಮೆ ಬೇರು ತೊಳೆದು ನೋಡಿದರೆ ಒಳ್ಳೆಯದು.

ಬ್ರೆಜಿಲ್ ಮಾತು ಬಂತು. ಅಲ್ಲಿಗೇ ಹೋಗೋಣ, ಯಾಕೆಂದರೆ ನಿರೋಧಕ ಸೀಬೆಯ ಹುಡುಕಾಟದ ನಿಜವಾದ ಕಥೆ ಇರುವುದು ಅಲ್ಲಿ. ಸೀಬೆಯ ತವರು ಅಮೆರಿಕ ಖಂಡ. ಅದರ ಅಕ್ಕತಂಗಿಯರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಎಲ್ಲರೂ ಅಲ್ಲೇ ಕಾಡಿನಲ್ಲಿ ಇದ್ದಾರೆ.

ಬ್ರೆಜಿಲ್‌ನ ಈಶಾನ್ಯದಲ್ಲಿ ಸಾವೊ ಫ್ರಾನ್ಸಿಸ್ಕೊ ಅನ್ನುವ ನದಿ. ಸುತ್ತ ಒಣ ಸೀಮೆ, ಮುಳ್ಳು ಕಂಟಿ. ನೋಡಿದವರಿಗೆ ನಮ್ಮ ಬಯಲುಸೀಮೆ ನೆನಪಾಗುತ್ತದೆ. ನದಿ ನೀರು ಕಟ್ಟಿ ಅಲ್ಲಿ ಮಾವು, ದ್ರಾಕ್ಷಿ, ಸೀಬೆ ತೋಟ ಎಬ್ಬಿಸಿದರು. 2001ರಲ್ಲಿ ಪೆಟ್ರೊಲಿನಾ ಊರಿನ ಸುತ್ತಮುತ್ತಲಿನ ಸೀಬೆ ತೋಟಗಳಲ್ಲಿ ಈ ಹುಳು ಇರುವುದು ವರದಿಯಾಯಿತು. ಅಲ್ಲಿಂದ ಸಸಿಗಳ ಜೊತೆ ರಾಜ್ಯದಿಂದ ರಾಜ್ಯಕ್ಕೆ ಹೋಯಿತು. 2009ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ನಷ್ಟ ಸುಮಾರು 6.1 ಕೋಟಿ ಡಾಲರ್. ತೋಟದ ಕೆಲಸ ಕಳಕೊಂಡವರು 3,703 ಜನ. ಡಾಲರ್ ಲೆಕ್ಕಕ್ಕಿಂತ ನನಗೆ ಈ ಎರಡನೇ ಸಂಖ್ಯೆ ಜಾಸ್ತಿ ತಟ್ಟುತ್ತದೆ. ಯಾರೋ ಕೂತು ಕೊನೆಯ ಆ ಮೂರು ಜನರನ್ನೂ ಬಿಡದೆ ಎಣಿಸಿದ್ದಾರೆ.

ಸರಿ, ಹುಡುಕಬೇಕು. ಹೇಗೆ?

ಇದರಲ್ಲಿ ಮಂತ್ರ ಮಾಯ ಏನಿಲ್ಲ, ತಾಳ್ಮೆ ಬೇಕು ಅಷ್ಟೇ. ಪರೀಕ್ಷೆ ಮಾಡಬೇಕಾದ ಗಿಡಗಳನ್ನು ಶುದ್ಧ ಮಾಡಿದ ಮಣ್ಣಿರುವ ಕುಂಡಗಳಲ್ಲಿ ಬೆಳೆಸುತ್ತೇವೆ. ಒಂದೊಂದು ತಳಿಗೂ ಕನಿಷ್ಠ ಎಂಟು ಹತ್ತು ಗಿಡ. ಹುಳುವನ್ನು ಟೊಮ್ಯಾಟೊ ಬೇರಿನಲ್ಲಿ ಸಾಕಿರುತ್ತೇವೆ. ಹೌದು, ಸಾಕಿರುತ್ತೇವೆ, ನಗಬೇಡಿ! ಆ ಬೇರನ್ನು ತುಂಡು ಮಾಡಿ, ಬ್ಲೀಚ್ ಹಾಕಿದ ನೀರಿನಲ್ಲಿ ಕುಲುಕಿದರೆ ಲೋಳೆ ಕರಗಿ ಮೊಟ್ಟೆ ಬಿಡುತ್ತವೆ. ಬಹಳ ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು, ಚೆನ್ನಾಗಿ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಎಣಿಸಬೇಕು. ಆಮೇಲೆ ಗಿಡದ ಬುಡದಲ್ಲಿ ಪೆನ್ಸಿಲ್ಲಿನಿಂದ ಮೂರು ತೂತು ಮಾಡಿ ಗಿಡಕ್ಕೆ ಇಷ್ಟು ಮೊಟ್ಟೆ ಅಂತ ಲೆಕ್ಕವಾಗಿ ಹುಯ್ಯುತ್ತೇವೆ. 5,000 ಅಂತ ಇಟ್ಟುಕೊಳ್ಳಿ.

ಮೂರು ನಾಲ್ಕು ತಿಂಗಳು ಕಾಯುವುದು. ನಂತರ ಗಿಡ ಕಿತ್ತು ಬೇರು ತೊಳೆದು ಗಂಟು ನೋಡುತ್ತೇವೆ. ಆದರೆ ಗಂಟು ನೋಡಿ ತೀರ್ಪು ಕೊಡುವ ಹಾಗಿಲ್ಲ. ಬೇರನ್ನು ಒಂದು ಕೆಂಪು ಬಣ್ಣದಲ್ಲಿ ಅದ್ದಿದರೆ ಮೊಟ್ಟೆಯ ಚೀಲಗಳು ಮಾತ್ರ ಕೆಂಪಾಗುತ್ತವೆ. ಗಸಗಸೆಗಿಂತ ಸಣ್ಣ ಕೆಂಪು ಚುಕ್ಕೆಗಳು. ಮೊದಲ ಸಲ ನೋಡಿದಾಗ ಯಾರೋ ಬೇರಿನ ಮೇಲೆ ಕುಂಕುಮ ಉದುರಿಸಿದ ಹಾಗೆ ಕಂಡಿತ್ತು. ಕೊನೆಗೆ ಮತ್ತೆ ಬ್ಲೀಚು, ಮತ್ತೆ ಜರಡಿ, ಮತ್ತೆ ಎಣಿಕೆ. 5,000 ಹಾಕಿದ್ದು ಎರಡು ಲಕ್ಷವಾಗಿದ್ದರೆ ಹುಳು 40 ಪಟ್ಟು ಹೆಚ್ಚಿತು ಅಂತ ಲೆಕ್ಕ. ಗಿಡ ಎಷ್ಟೇ ಹಸಿರಾಗಿದ್ದರೂ ಕಸದ ಬುಟ್ಟಿಗೆ. 5,000 ಹಾಕಿದ್ದು 500 ಆಗಿದ್ದರೆ ಆಗ ಕಣ್ಣು ಅರಳುತ್ತದೆ. ಹಾಕಿದ್ದಕ್ಕಿಂತ ಸಿಕ್ಕಿದ್ದು ಕಡಿಮೆ ಇರಬೇಕು. ನಿರೋಧಕ ಅನ್ನುವ ಮಾತಿನ ಅರ್ಥ ಇಷ್ಟೇ.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಕೆಲಸ ಕಲಿಯುತ್ತಿದ್ದ ದಿನಗಳು. ಒಂದು ಪರೀಕ್ಷೆಯಲ್ಲಿ ಒಂದು ತಳಿಯ ಹತ್ತು ಗಿಡದಲ್ಲಿ ಹತ್ತೂ ಶುದ್ಧ. ಒಂದು ಗಂಟಿಲ್ಲ, ಒಂದು ಮೊಟ್ಟೆಯಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿಯೂ ಬಿಟ್ಟೆ, "ಏನೋ ದೊಡ್ಡದು ಸಿಕ್ಕಿದೆ" ಅಂತ. ಮಾರನೆ ದಿನ ನನ್ನ ಮೇಷ್ಟ್ರು ಬಂದರು. ಸೀಬೆ ಗಿಡಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಟೊಮ್ಯಾಟೊ ಎಲ್ಲಿ?" ಅಂದರು. ಪ್ರತಿ ಪರೀಕ್ಷೆಯಲ್ಲೂ ಪಕ್ಕದಲ್ಲಿ ಸಾಕ್ಷಿಗೆ ಅಂತ ಕೆಲವು ಟೊಮ್ಯಾಟೊ ಗಿಡಕ್ಕೆ ಅದೇ ಮೊಟ್ಟೆ ಹಾಕಿರಬೇಕು. ಹಾಕಿದ್ದೆ. ಆದರೆ ನೋಡಿರಲಿಲ್ಲ. ಕಿತ್ತು ನೋಡಿದರೆ ಅವೂ ಶುದ್ಧ! ಬ್ಲೀಚಿನಲ್ಲಿ ಜಾಸ್ತಿ ಹೊತ್ತು ಬಿಟ್ಟಿದ್ದೆ. ಮೊಟ್ಟೆಗಳೆಲ್ಲ ಸತ್ತಿದ್ದವು. ನಾನು ನಾಲ್ಕು ತಿಂಗಳು ಬರೀ ನೀರು ಹಾಕಿ ಗಿಡ ಸಾಕಿದ್ದೆ.

ಮೇಷ್ಟ್ರು ಬೈಯಲಿಲ್ಲ. "ಅಮ್ಮನಿಗೆ ಫೋನ್ ಮಾಡಿದ್ಯಾ?" ಅಂತ ಕೇಳಿ ಹೋದರು. ಹೇಗೆ ಗೊತ್ತಾಯಿತೋ!

ಹೀಗೆ ಜರಡಿ ಹಿಡಿದಾಗ ಬ್ರೆಜಿಲ್‌ನವರಿಗೆ ಸಿಕ್ಕಿದ್ದೇನು? ನಾವು ತಿನ್ನುವ ಸೀಬೆಯಲ್ಲಿ, ಅಂದರೆ ಸಿಡಿಯಂ ಗ್ವಾಜಾವ ಜಾತಿಯಲ್ಲಿ, ತಳಿಯ ಮೇಲೆ ತಳಿ ಸೋತಿತು. ಬಿಳಿ ತಿರುಳು, ಕೆಂಪು ತಿರುಳು, ದಪ್ಪ ಕಾಯಿ, ಸಣ್ಣ ಕಾಯಿ, ಬೇಧವಿಲ್ಲ. ನಾವು ಇಲ್ಲಿ ಬೆಳೆಯುವ ಅಲಹಾಬಾದ್ ಸಫೇದ, ಲಕ್ನೋ-49, ಅರ್ಕಾ ಮೃದುಲ, ಅರ್ಕಾ ಕಿರಣ್ ಇವೆಲ್ಲ ಹಣ್ಣಿನ ಗುಣ ನೋಡಿ ಆರಿಸಿದವು. ಬೇರನ್ನು ನೋಡಿ ಆರಿಸಿದ್ದಲ್ಲ. ಮೃದುಲದ ಬೀಜ ಹಲ್ಲಿಗೆ ಮೆತ್ತಗಿದೆ, ಕಿರಣ್ ಒಳಗೆ ಚೆಂದದ ಕೆಂಪು ಇದೆ. ಅವನ್ನು ಸಾಕಿದವರು ಕೇಳಿದ ಪ್ರಶ್ನೆ ಬೇರೆ, ನಾವು ಈಗ ಕೇಳುತ್ತಿರುವ ಪ್ರಶ್ನೆ ಬೇರೆ.

ಉತ್ತರ ಸಿಕ್ಕಿದ್ದು ನೆಂಟರ ಮನೆಯಲ್ಲಿ. ಸಿಡಿಯಂ ಕ್ಯಾಟ್ಲಿಯಾನಂ ಅಂತ ಒಂದಿದೆ. ಸ್ಟ್ರಾಬೆರಿ ಸೀಬೆ ಅನ್ನುತ್ತಾರೆ. ಹೊಳೆಯುವ ಎಲೆ, ನೆಲ್ಲಿಕಾಯಿ ಗಾತ್ರದ ಕೆಂಪು ಅಥವಾ ಹಳದಿ ಹಣ್ಣು. ಅಲಂಕಾರಕ್ಕೆ ಕೆಲವರು ಮನೆ ಮುಂದೆ ಹಾಕಿರುತ್ತಾರೆ. ಹವಾಯಿ, ಮಾರಿಷಸ್ ಕಡೆ ಕಾಡಿಗೇ ಹಬ್ಬಿ ಕಳೆಯಾಗಿ ಕೂತಿದೆ, ಆ ಊರಿನವರು ಇದರ ಹೆಸರೆತ್ತಿದರೆ ಶಾಪ ಹಾಕುತ್ತಾರೆ. ಇನ್ನೊಂದು ಸಿಡಿಯಂ ಫ್ರೆಡ್ರಿಕ್‌ಸ್ಥಾಲಿಯಾನಂ. ಮಧ್ಯ ಅಮೆರಿಕದ್ದು, ಹುಳಿ ಹಣ್ಣು, ಕೋಸ್ಟರೀಕಾದಲ್ಲಿ ಪಾನಕ ಮಾಡಿ ಕುಡಿಯುತ್ತಾರೆ. ಈ ಎರಡರ ಬೇರಿನಲ್ಲಿ ಹುಳು ಸೋತಿತು.

ಸೋಲುವುದು ಹೇಗೆ ಅನ್ನುವುದೇ ಸ್ವಾರಸ್ಯ. ಸ್ಟ್ರಾಬೆರಿ ಸೀಬೆಯ ಬೇರು ಬಾಗಿಲು ಹಾಕುವುದಿಲ್ಲ. ಮರಿ ಹುಳು ಒಳಗೆ ಬರುತ್ತದೆ, ಕೂರುತ್ತದೆ, ಸೂಜಿ ಚುಚ್ಚುತ್ತದೆ. ಆಗ ಅದರ ಸುತ್ತಲಿನ ಕೋಶಗಳು ತಾವಾಗಿಯೇ ಸಾಯುತ್ತವೆ. ಅಡುಗೆಮನೆಯೇ ಇಲ್ಲದ ಮೇಲೆ ಊಟ ಎಲ್ಲಿಂದ? ಹುಳು ಒಮ್ಮೆ ಕೂತ ಮೇಲೆ ಎದ್ದು ಬೇರೆ ಕಡೆ ಹೋಗಲಾರದು. ಹಸಿದು ಸಾಯುತ್ತದೆ. ಒಂದು ಹಿಡಿ ಕೋಶ ಕಳಕೊಂಡು ಗಿಡ ಇಡೀ ಬೇರು ಉಳಿಸಿಕೊಳ್ಳುತ್ತದೆ.

ಸಿಕ್ಕಿತಲ್ಲ, ಇನ್ನೇನು? ಸ್ಟ್ರಾಬೆರಿ ಸೀಬೆಯನ್ನು ಬೇರುಸಸಿ ಮಾಡಿ, ಅದರ ಮೇಲೆ ನಮ್ಮ ಅಲಹಾಬಾದ್ ಸಫೇದದ ಕುಡಿ ಕಸಿ ಕಟ್ಟಿದರೆ ಆಯಿತು. ಕೆಳಗೆ ಗಟ್ಟಿ ಬೇರು, ಮೇಲೆ ಒಳ್ಳೆಯ ಹಣ್ಣು. ಬ್ರೆಜಿಲ್‌ನವರೂ ಹಾಗೇ ಅಂದುಕೊಂಡರು. ಆದರೆ ಕಸಿ ಸರಿಯಾಗಿ ಹಿಡಿಯಲಿಲ್ಲ. ಎಷ್ಟೋ ಕಸಿ ಹಿಡಿದ ಹಾಗೆ ಕಂಡು ಆಮೇಲೆ ಕೈಕೊಟ್ಟವು. ಒಂದೇ ಕುಲ ಅಂದ ಮಾತ್ರಕ್ಕೆ ಸಂಬಂಧ ಕುದುರಬೇಕು ಅಂತೇನಿಲ್ಲವಲ್ಲ!

ಆಮೇಲಿನ ದಾರಿ ಎರಡರ ಬೆರಕೆ ಮಾಡುವುದು. ಇದೂ ಸಲೀಸಲ್ಲ. ನಮ್ಮ ಸೀಬೆಯಲ್ಲಿ 22 ಕ್ರೋಮೋಸೋಮು. ಕಾಡು ನೆಂಟರಲ್ಲಿ 44, ಕೆಲವದರಲ್ಲಿ ಇನ್ನೂ ಜಾಸ್ತಿ. ಪರಾಗ ಹಾಕಿದರೂ ಕಾಯಿ ಕಚ್ಚುವುದು ಕಮ್ಮಿ, ಬೀಜ ಹುಟ್ಟುವುದು ಇನ್ನೂ ಕಮ್ಮಿ. ಪೆಟ್ರೊಲಿನಾದಲ್ಲಿ ಬ್ರೆಜಿಲ್ ಸರ್ಕಾರದ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾದ ಒಂದು ಕೇಂದ್ರವಿದೆ. ಅವರು ಸಿಡಿಯಂ ಗಿನಿಯೆನ್ಸೆ ಅನ್ನುವ ಮೂರನೇ ನೆಂಟನನ್ನು ಹಿಡಿದರು. ಅಲ್ಲಿಯ ಜನ ಅದನ್ನು ಅರಾಸಾ ಎನ್ನುತ್ತಾರೆ. ಬೀದಿ ಬದಿಯಲ್ಲಿ ಬೆಳೆಯುವ ಪೊದೆ, ಮಕ್ಕಳು ಕಿತ್ತು ತಿನ್ನುವ ಹಣ್ಣು. ಅದರ ಎಲ್ಲ ಗಿಡಗಳೂ ನಿರೋಧಕವಲ್ಲ. ಹೊಂದುವ ಗಿಡಗಳನ್ನು ಆರಿಸಿ, ಸೀಬೆಯ ಜೊತೆ ಬೆರಕೆ ಮಾಡಿ, ಮತ್ತೆ ಜರಡಿ ಹಿಡಿದು ಕೊನೆಗೆ ಒಂದು ಬೇರುಸಸಿ ಹೊರತಂದರು. ಅದರ ಹೆಸರು ಬಿಆರ್‌ಎಸ್ ಗ್ವರಾಸಾ. ಹೆಸರಿನ ಒಳಗೆ ಅರಾಸಾ ಕೂತಿದೆ, ಕೇಳಿಸಿತಾ? ಹುಳುವನ್ನೂ ತಡೆಯುತ್ತದೆ, ಸೀಬೆಯ ಕಸಿಯನ್ನೂ ಹಿಡಿಯುತ್ತದೆ. ಇದನ್ನು ಬೀಜದಿಂದ ಮಾಡುವ ಹಾಗಿಲ್ಲ, ಬೆರಕೆಯ ಗುಣ ಚೆದುರಿಹೋಗುತ್ತದೆ. ಎಳೆ ಕಡ್ಡಿ ನೆಟ್ಟು, ಮಂಜಿನ ಹಾಗೆ ನೀರು ಸಿಂಪಡಿಸುವ ಮನೆಯಲ್ಲಿ ಬೇರು ಬರಿಸುತ್ತಾರೆ.

ನಮ್ಮ ದೇಶಕ್ಕೆ ಬರೋಣ. ಸೀಬೆಯಲ್ಲಿ ಈ ಹುಳು ಇದೆ ಅಂತ ಇಲ್ಲಿ ಮೊದಲು ವರದಿಯಾದದ್ದು 2016ರಲ್ಲಿ, ತಮಿಳುನಾಡಿನಿಂದ. ಆಮೇಲೆ ಒಂದೊಂದೇ ರಾಜ್ಯದ ಹೆಸರು ಸೇರುತ್ತಾ ಬಂತು. ಹುಳುವಿಗೆ ಕಾಲಿಲ್ಲ. ತಾನಾಗಿ ತೆವಳಿದರೆ ವರ್ಷಕ್ಕೆ ಒಂದೆರಡು ಮಾರು. ತಮಿಳುನಾಡಿನಿಂದ ಗುಜರಾತಿಗೆ, ಉತ್ತರಾಖಂಡಕ್ಕೆ ಅದು ಹೋದದ್ದು ಲಾರಿಯಲ್ಲಿ, ಸಸಿಯ ಪ್ಯಾಕೆಟ್ಟಿನ ಮಣ್ಣಿನ ಒಳಗೆ ಕೂತು. ಟಿಕೆಟ್ಟಿನ ದುಡ್ಡು ಕೊಟ್ಟವರು ನಾವು.

ಲಕ್ನೋದ ಕೇಂದ್ರೀಯ ತೋಟಗಾರಿಕಾ ಸಂಸ್ಥೆಯವರು ಸೊರಗು ರೋಗಕ್ಕೆ ಅಂತ ಸಿಡಿಯಂ ಮೊಲ್ಲೆ ಅನ್ನುವ ಜಾತಿಯನ್ನು ಸೀಬೆ ಜೊತೆ ಬೆರಕೆ ಮಾಡಿ ಬೇರುಸಸಿ ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಸೊರಗನ್ನು ತಡೆದ ಬೇರು ಈ ಹುಳುವನ್ನೂ ತಡೆಯುತ್ತದೆ ಅಂತ ಸುಮ್ಮನೆ ಅಂದುಕೊಳ್ಳಬೇಡಿ. ಅದು ಬೇರೆಯದೇ ಪರೀಕ್ಷೆ. ಟೊಮ್ಯಾಟೊದಲ್ಲಿ ನಾವು ಇದನ್ನು ನೋಡಿದ್ದೇವೆ. ಬೇರುಗಂಟು ತಡೆಯುವ ಒಂದು ಗುಣ ಟೊಮ್ಯಾಟೊಗೆ ಅದರ ಕಾಡು ನೆಂಟನಿಂದ 1940ರ ದಶಕದಲ್ಲೇ ಬಂದಿದೆ. ಮಾಮೂಲಿ ಬೇರುಗಂಟು ಹುಳುಗಳನ್ನು ಚೆನ್ನಾಗಿ ತಡೆಯುತ್ತದೆ. ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಮಂಕಾಗುತ್ತದೆ, ಅದು ಬೇರೆ ಮಾತು. ಈ ಎಂಟರೊಲೋಬಿ ಬಂತು ನೋಡಿ, ತಂಪಿನಲ್ಲೂ ಆ ಗುಣ ಕೆಲಸಕ್ಕೆ ಬರಲಿಲ್ಲ. ಹುಳುವಿನ ಜಾತಿ ಬದಲಾದರೆ ಬೀಗ ಬದಲಾದ ಹಾಗೆ.

ಹಾಗಾಗಿ ಯಾರಾದರೂ ನಿಮ್ಮ ಮುಂದೆ ಸಸಿ ಇಟ್ಟು "ಇದು ನೆಮಟೋಡ್ ನಿರೋಧಕ ಸೀಬೆ ಸಾರ್, ಒಂದಕ್ಕೆ ಇಷ್ಟು" ಅಂದರೆ ಎರಡು ಮಾತು ಕೇಳಿ. ಯಾವ ಹುಳುವಿಗೆ ನಿರೋಧಕ? ಕೆಳಗಿನ ಬೇರು ಯಾವುದು? ಎರಡನೇ ಪ್ರಶ್ನೆಗೆ "ಅದೇ ಸೀಬೆ ಬೀಜದ ಗಿಡ" ಅಂತ ಉತ್ತರ ಬಂದರೆ ದುಡ್ಡು ಜೇಬಿನಲ್ಲೇ ಇರಲಿ. ನನ್ನ ತಮ್ಮನೇ ಹೀಗೆ ಒಂದು ನರ್ಸರಿಯಿಂದ ಇನ್ನೂರು ಸಸಿ ತಂದ. ನಾನು ಊರಿಗೆ ಹೋಗುವ ಹೊತ್ತಿಗೆ ನೆಟ್ಟಾಗಿತ್ತು. ಉಳಿದ ನಾಲ್ಕು ಪ್ಯಾಕೆಟ್ ಹರಿದು ತೊಳೆದೆ. ಮೂರರಲ್ಲಿ ಗಂಟು. ಇನ್ನೂರು ಗುಂಡಿಯನ್ನೂ ಮತ್ತೆ ತೋಡಿಸಿದೆ. ಅವನು ನನ್ನ ಜೊತೆ ಆರು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಬೇರುಸಸಿ ಯಾವಾಗ ಬರುತ್ತೋ ಏನೋ. ಈಗ ಯಾವ ಔಷಧಿ ಹಾಕೋದು ಅಷ್ಟು ಹೇಳಿ ಸಾರ್."

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಹಿಂದೆ ಬುಡಕ್ಕೆ ಪೋರೇಟ್ ಅನ್ನುವ ಕೀಟನಾಶಕ ಹಾಕುತ್ತಿದ್ದಿರಿ. ಅದು 2020ರ ಕೊನೆಗೆ ನಿಂತುಹೋಯಿತು, ನಿಂತದ್ದೇ ಒಳ್ಳೆಯದು. ಈಗ ಮಾಡಬಹುದಾದ್ದು ಹುಳುವಿನ ಸಂಖ್ಯೆ ಇಳಿಸುವುದು. ಬೇವಿನ ಹಿಂಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅದರೊಳಗೆ ಹುಳುವಿನ ಮೊಟ್ಟೆ ತಿನ್ನುವ ಪೊಕೋನಿಯಾ, ಪರ್ಪ್ಯೂರಿಯೊಸಿಲಿಯಂ ಥರದ ಶಿಲೀಂಧ್ರ, ಜೊತೆಗೆ ಟ್ರೈಕೋಡರ್ಮಾ ಅನ್ನುವ ಇನ್ನೊಂದು ಒಳ್ಳೆಯ ಶಿಲೀಂಧ್ರ. ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ಒದ್ದೆಯಾಗಿ ಎರಡು ವಾರ ಇಟ್ಟು, ಆಮೇಲೆ ಬುಡಕ್ಕೆ ಕೊಡಿ. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯವರು ಇದನ್ನು ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಗಿಡ ಪೂರ್ತಿ ಒಣಗಿದ ಮೇಲೆ ಶುರು ಮಾಡಿದರೆ ಪ್ರಯೋಜನವಿಲ್ಲ.

ಮುಂದಿನ ಪ್ರಶ್ನೆ ಅಂತರಬೆಳೆಯದು. ಸೀಬೆ ಸಾಲಿನ ಮಧ್ಯೆ ಮೊದಲ ಎರಡು ವರ್ಷ ಟೊಮ್ಯಾಟೊ, ಮೆಣಸಿನಕಾಯಿ ಹಾಕುತ್ತೇವೆ, ಪರವಾಗಿಲ್ಲವಾ ಅಂತ.

ಬೇಡವೇ ಬೇಡ! ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಎಲ್ಲಾ ಈ ಹುಳುವಿಗೆ ಹಬ್ಬದೂಟ. ಕಡಲೆಕಾಯಿ ಹಾಕಿ. ಅದರ ಬೇರಿನಲ್ಲಿ ಈ ಹುಳು ಬೆಳೆಯುವುದಿಲ್ಲ. ಬೆಳ್ಳುಳ್ಳಿಯಲ್ಲೂ ಅಷ್ಟೇ. ಕಡಲೆಕಾಯಿ ನಮ್ಮ ಬಯಲುಸೀಮೆಗೆ ಹೊಸದೇನಲ್ಲವಲ್ಲ.

ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಬಿಎಸ್ಸಿ ಓದುತ್ತಿದ್ದಾಳಂತೆ. "ಸಾರ್, ನಮ್ಮಜ್ಜಿ ಮನೆ ಹಿತ್ತಲಲ್ಲಿ ಒಂದು ಹಳೇ ಸೀಬೆ ಮರ ಇದೆ. ನಲವತ್ತು ವರ್ಷ ಆಗಿರಬಹುದು. ಕಾಯಿ ಸಣ್ಣದು, ಬರೀ ಬೀಜ, ಯಾರೂ ತಿನ್ನಲ್ಲ. ಪಕ್ಕದ ತೋಟದಲ್ಲೆಲ್ಲ ಗಂಟು ಬಂದಿದೆ. ಇದಕ್ಕೇನೂ ಆಗಿಲ್ಲ. ಇದೂ ತಿಪ್ಪೆ ಗಿಡಾನೇ ಅಂತೀರಾ?"

ತಿಪ್ಪೆ ಎಲ್ಲಿತ್ತು ಅಂತ ಕೇಳಿದೆ. ಹಿತ್ತಲಲ್ಲೇ ಅಂದಳು. ಎಲ್ಲರೂ ನಕ್ಕರು.

ಆದರೂ ನಾನು ಬೇಡ ಅನ್ನಲಿಲ್ಲ. ಸೀಬೆ ಬೀಜದ ಗಿಡ ಒಂದರ ಹಾಗೆ ಇನ್ನೊಂದಿರುವುದಿಲ್ಲ. ಇಷ್ಟು ದಿನ ಪರೀಕ್ಷೆಗೆ ಬಂದದ್ದು ಹೆಸರಿರುವ ತಳಿಗಳೇ ಜಾಸ್ತಿ. ಹಿತ್ತಲ ಮರಗಳ ಬೇರನ್ನು ಯಾರು ತೊಳೆದು ನೋಡಿದ್ದಾರೆ? ಸಿಗುವ ಆಸೆ ಕಮ್ಮಿ, ಅದನ್ನು ಮೊದಲೇ ಹೇಳಿಬಿಟ್ಟೆ. ಮೊದಲು ಬುಡ ಸ್ವಲ್ಪ ಅಗೆದು ಸಣ್ಣ ಬೇರು ನೋಡು, ಗಂಟಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಮಳೆ ಶುರುವಾದ ಮೇಲೆ ಗೂಟಿ ಕಟ್ಟು ಎಂದೆ. ಪೆನ್ಸಿಲ್ ದಪ್ಪದ ಕೊಂಬೆ, ಒಂದಿಂಚು ಸುತ್ತ ತೊಗಟೆ ಬಿಡಿಸಿ, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟುವುದು. ಐದಾರು ವಾರಕ್ಕೆ ಒಳಗಿನಿಂದ ಬಿಳಿ ಬೇರು ಕಾಣಿಸುತ್ತದೆ. ಹತ್ತು ಗೂಟಿ ಬೇಕು.

"ಹತ್ತು ಸಾಕಾ ಸಾರ್?"

"ಹದಿನೈದು ಕಟ್ಟು. ಐದು ಹೋಗುತ್ತವೆ. ಗೂಟಿ ಹಾಗೇ ತಗೊಂಡು ಬಾ. ಅಜ್ಜಿ ಮನೆ ಮಣ್ಣು ಮಾತ್ರ ಒಂದು ಹಿಡಿಯೂ ತರಬೇಡ."